ಏಳುನೂರು ಮೀಟರಿನ ಮಹಾಯಾತ್ರೆ

"ಮೂವತ್ತೆಂಟು ವರ್ಷ! ಮೂವತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದಿದೀನಿ. ನಾನು ದಾರಿ ತಪ್ಪಿದ್ದನ್ನ ನೋಡಿದೋನು ಹುಟ್ಟಿಲ್ಲ. ನಾನೆಲ್ಲಿಗೆ ಹೋಗ್ತೀನಿ ಅಂತ ಬೆನ್ನು ಹತ್ತಿ ಕಂಡುಹಿಡಿಯೋ ಯಂತ್ರ ಹುಟ್ಟೋದೂ ಇಲ್ಲ!"

ಕ್ಲಚ್ ಮೇಷ್ಟ್ರು ಹೀಗೆ ಗರ್ಜಿಸಿದ ರಭಸಕ್ಕೆ ಅವರ ಮನೆಯ ಗೋಡೆ ಗಡಿಯಾರ ಎರಡು ನಿಮಿಷ ಮುಂದಕ್ಕೆ ಹಾರಿತೆಂದು ಕ್ಷೌರಿಕ ಇಂದಿಗೂ ಆಣೆ ಮಾಡಿ ಹೇಳುತ್ತಾನೆ. ಇದ್ದರೂ ಇದ್ದೀತು. ಮೇಷ್ಟ್ರ ಗಂಟಲು ಅಂಥದ್ದು. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಕಾಲದಲ್ಲಿ ಅವರು ಎಡಗಡೆ ಕೂತು "ಕ್ಲಚ್! ಕ್ಲಚ್ ಒತ್ತೋ!" ಎಂದು ಕೂಗಿದರೆ, ಪಕ್ಕದ ರಸ್ತೆಯ ಸೈಕಲ್ಲುಗಳೂ ನಿಲ್ಲುತ್ತಿದ್ದವು. ತಮ್ಮ ಮದುವೆಯ ದಿನ ಫೋಟೋದವನು "ಸ್ವಲ್ಪ ಹಿಂದಕ್ಕೆ ಬನ್ನಿ" ಎಂದಾಗ ಮೊದಲು ಎಡಗಾಲನ್ನು ನೆಲಕ್ಕೊತ್ತಿ, ಆಮೇಲೆ ಭುಜದ ಮೇಲಿಂದ ತಿರುಗಿ ನೋಡಿ, ಆಮೇಲೆ ಹಿಂದೆ ಸರಿದ ಮಹಾನುಭಾವರು ಅವರು.

ಗರ್ಜನೆಗೆ ಕಾರಣವಿತ್ತು. ಹೊಸ ಕಾನೂನು ಬಂದಿತ್ತು. ಇನ್ನು ಮೇಲೆ ವಾಹನ ಎಷ್ಟು ಕಿಲೋಮೀಟರ್ ಓಡಿತೋ ಅಷ್ಟಕ್ಕೆ ತೆರಿಗೆ. ಎಷ್ಟು ಓಡಿತು, ಎಲ್ಲೆಲ್ಲಿ ಓಡಿತು, ಎಲ್ಲಿ ನಿಂತಿತು ಎಂದು ನೋಡಿಕೊಳ್ಳಲು ಪ್ರತಿ ವಾಹನಕ್ಕೂ ಒಂದು ಪೆಟ್ಟಿಗೆ. ನೋಡಲು ಬೆಂಕಿಪೊಟ್ಟಣದ ದೊಡ್ಡಣ್ಣನಷ್ಟಿದೆ, ಆದರೆ ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಜೊತೆ ಅದಕ್ಕೆ ಏಕವಚನದ ಸಲಿಗೆ! ನೀವು ಬಲಕ್ಕೆ ತಿರುಗಬೇಕೆಂದು ಯೋಚಿಸುವಷ್ಟರಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರಕ್ಕೆ ಸುದ್ದಿ ಹೋಗಿ, ಅಲ್ಲಿಂದ "ಹೂಂ, ತಿರುಗಲಿ" ಎಂದು ಉತ್ತರವೂ ಬಂದಿರುತ್ತದಂತೆ. ಊರಿಗೆ ಊರೇ ಬೆರಗಾಯಿತು. ಬೆರಗಿನ ಬೆನ್ನಿಗೇ ಭಯ, ಭಯದ ಬೆನ್ನಿಗೇ ಮೇಷ್ಟ್ರ ಮನೆಯಲ್ಲಿ ಸಭೆ.

ಸಭೆಗೆ ಬಂದವರು ಮೂವರು. ಮೊದಲನೆಯವನು ಕ್ಷೌರಿಕ. ವಾರಕ್ಕೊಮ್ಮೆ "ಅತ್ತೆಗೆ ಹುಷಾರಿಲ್ಲ" ಎಂದು ಅಂಗಡಿಗೆ ಬೀಗ ಹಾಕಿ ಸ್ಕೂಟರಿನಲ್ಲಿ ಕೆರೆಗೆ ಗಾಳ ಹಾಕಲು ಹೋಗುವವನು. ಅತ್ತೆ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದರು. ಎರಡನೆಯವನು ಬೇಕರಿಯವನು. "ನಮ್ಮ ಒಲೆಯಲ್ಲೇ ಬೆಂದದ್ದು" ಎಂಬ ಬೋರ್ಡು ತೂಗುಹಾಕಿ, ದಿನಾ ಬೆಳಗಿನ ಐದಕ್ಕೆ ಆಚೆ ಬಡಾವಣೆಯ ಬೇಕರಿಯ ಹಿಂಬಾಗಿಲಲ್ಲಿ ವ್ಯಾನಿಗೆ ಬ್ರೆಡ್ಡು ತುಂಬಿಕೊಳ್ಳುವವನು. ಮೂರನೆಯವರು ನಿವೃತ್ತ ಪೋಸ್ಟ್ ಮಾಸ್ತರರು. ಅವರಿಗೆ ವಾಹನವೇ ಇರಲಿಲ್ಲ. ಆದರೂ ಎಲ್ಲರಿಗಿಂತ ಹೆಚ್ಚು ಕೋಪ ಬಂದಿದ್ದು ಅವರಿಗೇ.

"ಇವತ್ತು ಕಾರಿಗೆ ಪೆಟ್ಟಿಗೆ. ನಾಳೆ ಚಪ್ಪಲಿಗೆ ಪೆಟ್ಟಿಗೆ! ಬರೆದಿಟ್ಕೊಳ್ಳಿ!"

"ನಾವೇನು ಕದ್ದು ಎಲ್ಲಿಗಾದ್ರೂ ಹೋಗ್ತೀವಾ?" ಎಂದ ಬೇಕರಿಯವನು.

"ಅದೇ ಮತ್ತೆ! ಮರ್ಯಾದಸ್ಥರು ನಾವು" ಎಂದ ಕ್ಷೌರಿಕ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕಾಲರ್ ಸರಿಮಾಡಿಕೊಳ್ಳುತ್ತ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದರು. ಆಕೆ ಮಾರ್ಕೆಟ್ ರಸ್ತೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನಿಗೆ ಸಹಾಯಕಿ. ಮಾತು ಕಡಿಮೆ, ನೋಟ ಹೆಚ್ಚು.

"ನಂಗೇನೋ ಈ ಪೆಟ್ಟಿಗೆ ಬಂದ್ರೆ ಒಳ್ಳೇದೇ ಅನ್ನಿಸುತ್ತೆ" ಎಂದರು. "ಪಾಪ, ಇವರು ದಿನಾ ಹತ್ತು ಗಂಟೆಗೆ ಹೊರಟು ಒಂದಕ್ಕೆ ಬರ್ತಾರೆ. ಆ ಕಂಪನಿಗೆ ಸಲಹೆ, ಈ ಕಂಪನಿಗೆ ಸಲಹೆ ಅಂತ ಊರೆಲ್ಲ ಸುತ್ತುತಾರೆ. ಎಷ್ಟು ಸುತ್ತುತಾರೆ ಅನ್ನೋದು ಕಾಗದದ ಮೇಲೆ ಬಂದ್ರೆ ನಾನೂ ನಾಲ್ಕು ಜನಕ್ಕೆ ತೋರಿಸಬಹುದು."

ಮೇಷ್ಟ್ರು ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿಬಿಟ್ಟರು.

ಈಗ ಗುಟ್ಟು ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ಮಿಕ್ಕವರೆಲ್ಲ ಹೆದರಿದ್ದು ತಾವು ಎಲ್ಲೆಲ್ಲಿಗೆ ಹೋಗುತ್ತೇವೆಂದು ಪೆಟ್ಟಿಗೆ ಹೇಳಿಬಿಟ್ಟೀತು ಎಂದು. ಮೇಷ್ಟ್ರು ಹೆದರಿದ್ದು ತಾವು ಎಲ್ಲಿಗೂ ಹೋಗುವುದಿಲ್ಲವೆಂದು ಅದು ಹೇಳಿಬಿಟ್ಟೀತು ಎಂದು!

ನಾಲ್ಕು ವರ್ಷದ ಹಿಂದೆ ಡ್ರೈವಿಂಗ್ ಸ್ಕೂಲ್ ಮುಚ್ಚಿತು. ಮರುದಿನ ಬೆಳಿಗ್ಗೆ ಹೆಂಡತಿ ಕೈಚೀಲ ಹಿಡಿದು ಕೆಲಸಕ್ಕೆ ಹೊರಟಾಗ ಮೇಷ್ಟ್ರು ಬಾಗಿಲಲ್ಲಿ ನಿಂತು ಕೈ ಬೀಸಿದರು. ಬೀಸಿದ ಕೈ ಕೆಳಗಿಳಿಯುವಷ್ಟರಲ್ಲಿ ಅವರಿಗೆ ಏನೋ ಆಗಿಹೋಯಿತು. ಆ ಸಂಜೆಯೇ ಘೋಷಿಸಿದರು: "ಸಾರಿಗೆ ಕಂಪನಿಯೋರು ಬಿಡ್ತಾ ಇಲ್ಲ ಕಣೇ. ಸಲಹೆಗಾರರಾಗಿ ಅಂತ ಕಾಲು ಹಿಡಿದ್ರು." ಅಂದಿನಿಂದ ದಿನಾ ಇಸ್ತ್ರಿ ಅಂಗಿ, ಪಾಲಿಶ್ ಮಾಡಿದ ಬೂಟು, ಕೈಯಲ್ಲೊಂದು ಫೈಲು. ಕಾರು ಗಾಂಭೀರ್ಯದಿಂದ ಗೇಟು ದಾಟಿ, ಎರಡು ತಿರುವು ತಿರುಗಿ, ಏಳುನೂರು ಮೀಟರ್ ದೂರದ ನೀರಿನ ಟ್ಯಾಂಕಿನ ಕೆಳಗೆ ನಿಲ್ಲುತ್ತಿತ್ತು. ರಾಕ್ಷಸ ಗಾತ್ರದ ಅಣಬೆಯಂಥ ಟ್ಯಾಂಕು ಅದು. ನೆರಳೂ ಅಂಥದ್ದೇ. ಸೀಟು ಹಿಂದಕ್ಕೆ, ಗಾಜು ಅರ್ಧ ಕೆಳಕ್ಕೆ, ದಿನಪತ್ರಿಕೆ ಎದೆಯ ಮೇಲಕ್ಕೆ, ಮೇಷ್ಟ್ರು ಪರಲೋಕಕ್ಕೆ! ನೆರಳು ಸರಿದಾಗ ಕಣ್ಣು ಬಿಡದೆಯೇ ಕಾರನ್ನು ನಾಲ್ಕು ಮೀಟರ್ ಮುಂದೆ ಬಿಡುವುದು, ಮತ್ತೆ ನಿದ್ದೆ. ಒಂದಕ್ಕೆ ಹತ್ತು ನಿಮಿಷವಿದ್ದಾಗ ಎದ್ದು, ಬೂಟಿನ ಮೇಲೆ ಒಂದು ಹಿಡಿ ದೂಳು ಉದುರಿಸಿಕೊಂಡು, "ಅಬ್ಬಬ್ಬಾ, ಏನು ಟ್ರಾಫಿಕ್ಕು!" ಎನ್ನುತ್ತ ಊಟಕ್ಕೆ ಮನೆಗೆ.

ಸಂಬಳ ಯಾಕೆ ಬರುವುದಿಲ್ಲ ಎಂದು ಹೆಂಡತಿ ಒಂದು ದಿನವೂ ಕೇಳಲಿಲ್ಲ. "ಗೌರವ ಸಲಹೆಗಾರ" ಎಂದು ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದರು.

ಸಭೆ, ಗರ್ಜನೆ ಎಲ್ಲ ಆದ ಮೇಲೂ ಪೆಟ್ಟಿಗೆ ಬಂದೇ ಬಂತು. ಅದನ್ನು ಕೂರಿಸಲು ಬಂದ ಹುಡುಗಿ ಡ್ಯಾಷ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿ, ಸರಸರನೆ ಹೇಳಿದಳು:

"ಸರ್, ಇದು ಮಾತಾಡುತ್ತೆ. ಒಂದು ತಿಂಗಳಲ್ಲಿ ನಿಮ್ಮ ಅಭ್ಯಾಸನೂ ಕಲಿತುಬಿಡುತ್ತೆ, ದಿನಾ ಎಲ್ಲಿಗೆ ಹೋಗ್ತೀರಿ ಅಂತ. ಆಮೇಲೆ ದಾರಿ ಅದೇ ಹೇಳುತ್ತೆ. ತಿಂಗಳ ಕೊನೇಲಿ ವಿವರ ಎಲ್ಲ ಮಾಲೀಕರಿಗೆ ಪೋಸ್ಟಲ್ಲಿ ಬರುತ್ತೆ, ಮೊಬೈಲಿಗೆ ಮೆಸೇಜೂ ಬರುತ್ತೆ."

"ಮಾಲೀಕ ನಾನೇ."

ಹುಡುಗಿ ಕಾಗದ ನೋಡಿದಳು. "ಇಲ್ಲ ಸರ್. ಕಾರು ಮೇಡಂ ಹೆಸರಲ್ಲಿದೆ."

ಹೌದು! ಹೆಂಡತಿಯ ಹುಟ್ಟುಹಬ್ಬಕ್ಕೆ ಉಡುಗೊರೆ ಎಂದು ಹೆಸರು ಮಾತ್ರ ಆಕೆಯದು ಮಾಡಿಸಿ, ಬೀಗದ ಕೈ ತಾವೇ ಇಟ್ಟುಕೊಂಡಿದ್ದರು. ಉದಾರತನ ಹೀಗೆ ತಿರುಗಿ ಕಚ್ಚೀತೆಂದು ಯಾರಿಗೆ ಗೊತ್ತಿತ್ತು?

ಮರುದಿನ ಹತ್ತು ಗಂಟೆಗೆ ಮೇಷ್ಟ್ರು ಕೀಲಿ ತಿರುಗಿಸಿದರು. "ಪ್ರಯಾಣ ಆರಂಭ" ಎಂದಿತು ಪೆಟ್ಟಿಗೆ, ಜೇನಿನಲ್ಲಿ ಅದ್ದಿದ ಹೆಣ್ಣು ದನಿಯಲ್ಲಿ. ಟ್ಯಾಂಕಿನ ಕೆಳಗೆ ಇಂಜಿನ್ ಆರಿಸಿದರು. "ಪ್ರಯಾಣ ಮುಕ್ತಾಯ. ದೂರ, ಏಳುನೂರು ಮೀಟರ್. ಧನ್ಯವಾದ."

ಮೇಷ್ಟ್ರು ಸುತ್ತ ನೋಡಿದರು. ಯಾರೂ ಕೇಳಿಸಿಕೊಂಡಿರಲಿಲ್ಲ. ಹನ್ನೊಂದೂಕಾಲಿಗೆ ನೆರಳು ಸರಿಯಿತು. ಕಾರು ಮುಂದೆ ಸರಿಯಿತು.

"ಪ್ರಯಾಣ ಆರಂಭ. ಪ್ರಯಾಣ ಮುಕ್ತಾಯ. ದೂರ, ನಾಲ್ಕು ಮೀಟರ್. ಧನ್ಯವಾದ."

"ನಿನ್ನ ಧನ್ಯವಾದಕ್ಕಿಷ್ಟು!" ಎಂದರು ಮೇಷ್ಟ್ರು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ಅವರಿಗೆ ಟ್ಯಾಂಕಿನ ಕೆಳಗೆ ನಿದ್ದೆ ಹತ್ತಲಿಲ್ಲ. ಆಕಾಶದತ್ತ ನೋಡಿದರು. ಅಷ್ಟು ಎತ್ತರದಿಂದ, ಇಷ್ಟು ದೊಡ್ಡ ಭೂಮಿಯ ಮೇಲೆ, ಒಬ್ಬ ಮುದುಕ ನಾಲ್ಕು ಮೀಟರ್ ಸರಿದಿದ್ದೂ ಕಾಣುತ್ತದಲ್ಲ! ಕೈ ಮುಗಿಯಬೇಕೋ ಕಲ್ಲು ಹೊಡೆಯಬೇಕೋ ತಿಳಿಯಲಿಲ್ಲ. ತಿಂಗಳ ಕೊನೆಗೆ ಆ ಕಾಗದ ಹೆಂಡತಿಯ ಕೈ ಸೇರುವುದು ಖಂಡಿತ. ದೇಶದ ಜನರೆಲ್ಲ ಕಿಲೋಮೀಟರ್ ಕಡಿಮೆ ಮಾಡುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದಾಗ, ಹೆಚ್ಚು ಮಾಡುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದವರು ಅವರೊಬ್ಬರೇ!

ಉತ್ತರ ಹಾರ್ನ್ ಹೊಡೆಯುತ್ತ ಬಂತು. ಲಾಂಡ್ರಿ ವ್ಯಾನು. ಅದರ ಚಾಲಕ ಮೇಷ್ಟ್ರ ಹಳೆಯ ಶಿಷ್ಯ. ಲೈಸೆನ್ಸ್ ಪರೀಕ್ಷೆಯಲ್ಲಿ ಏಳು ಸಲ ರಿವರ್ಸ್ ಹಾಕಲಾಗದೆ ಫೇಲಾಗಿ, ಎಂಟನೇ ಸಲ ಪರೀಕ್ಷಕರೇ ಬೇಸತ್ತು ಪಾಸು ಮಾಡಿದ್ದರಿಂದ ಅವನಿಗೆ ರಿವರ್ಸ್ ಎಂದೇ ಹೆಸರು.

"ಮೇಷ್ಟ್ರೇ, ಇಲ್ಲೇನು ಮಾಡ್ತಿದೀರಿ?"

"ಪ್ರಯೋಗ ನಡೀತಿದೆ ಕಣೋ. ಗುಟ್ಟಾಗಿರಲಿ. ದಿನಾ ಹತ್ತೂಕಾಲಿಗೆ ಈ ಪೆಟ್ಟಿಗೇನ ನಿನ್ನ ವ್ಯಾನಿಗೆ ಸಿಕ್ಕಿಸ್ಕೊಂಡು ಊರೆಲ್ಲ ಸುತ್ತಾಡಿಸು. ಒಂದರೊಳಗೆ ವಾಪಸ್ ತಂದುಕೊಡು."

"ಅಷ್ಟೇನಾ? ಗುರುದಕ್ಷಿಣೆ ಅಂದ್ಕೊಳ್ಳಿ."

ಮೇಷ್ಟ್ರ ಜೀವನದಲ್ಲಿ ಮತ್ತೆ ವಸಂತ! ಪೆಟ್ಟಿಗೆ ಊರು ಸುತ್ತಿತು, ಮೇಷ್ಟ್ರು ಗೊರಕೆ ಹೊಡೆದರು. ಒಂದು ತಿಂಗಳು ಎಲ್ಲವೂ ಬೆಣ್ಣೆಯಲ್ಲಿ ಕೂದಲೆಳೆದಂತೆ ನಡೆಯಿತು.

ತಿಂಗಳ ಕೊನೆಯ ದಿನ ಎರಡು ಸಂಗತಿ ಒಟ್ಟಿಗೇ ಆದವು. ಒಂದು, ಮಧ್ಯಾಹ್ನ ಒಂದು ಗಂಟೆಗೆ ರಿವರ್ಸ್ ಬರಲಿಲ್ಲ. ಒಂದೂವರೆಗೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಮೇಷ್ಟ್ರು ಪೆಟ್ಟಿಗೆಯಿಲ್ಲದ ಕಾರಿನಲ್ಲಿ ಕಳ್ಳನಂತೆ ಮನೆ ಸೇರಿದರು. ಎರಡು, ಸಂಜೆ ಪೆಟ್ಟಿಗೆ ವಿರೋಧಿ ಸಮಿತಿಯೆಂದು ಕರೆದುಕೊಳ್ಳುತ್ತಿದ್ದ ಆ ಮೂವರೂ ಬಂದು ಕೂತಿದ್ದಾಗಲೇ ಹೆಂಡತಿ ಕ್ಲಿನಿಕ್ಕಿನಿಂದ ಬಂದರು, ಕೈಯಲ್ಲಿ ಉದ್ದನೆಯ ಲಕೋಟೆ.

"ನಂದು ಮೂವತ್ತೊಂದೇ ಕಿಲೋಮೀಟರ್" ಎಂದು ಕ್ಷೌರಿಕ ಅಷ್ಟರಲ್ಲಿ ಜಂಬ ಕೊಚ್ಚುತ್ತಿದ್ದ. ಅತ್ತೆ ಪೂರ್ತಿ ಗುಣಮುಖರಾಗಿದ್ದರು.

ಹೆಂಡತಿ ಲಕೋಟೆ ಒಡೆದರು. ಕನ್ನಡಕ ಏರಿಸಿದರು. "ಒಂದು ಸಾವಿರದ ಮುನ್ನೂರ ಇಪ್ಪತ್ತು ಕಿಲೋಮೀಟರ್!"

ಪೋಸ್ಟ್ ಮಾಸ್ತರರು ಅರ್ಧ ಎದ್ದು ನಿಂತರು, ಯಾವುದೋ ರಾಷ್ಟ್ರಗೀತೆ ಕೇಳಿಸಿದವರ ಹಾಗೆ.

"ಈ ವಯಸ್ಸಲ್ಲಿ!" ಎಂದ ಬೇಕರಿಯವನು. "ದಿನಕ್ಕೆ ಬರೀ ಮೂರು ಗಂಟೇಲಿ!"

ಮೇಷ್ಟ್ರು ವಿನಯದಿಂದ ಛಾವಣಿ ನೋಡಿದರು. "ಕರ್ತವ್ಯ ಅಷ್ಟೇ."

"ಎಲ್ಲೆಲ್ಲಿ ಅಂತಾನೂ ಇದೆ" ಎಂದರು ಹೆಂಡತಿ. "ಹೆರಿಗೆ ಆಸ್ಪತ್ರೆ, ಇಪ್ಪತ್ತೆರಡು ಸಲ."

ಮೇಷ್ಟ್ರ ಕಣ್ಣು ಛಾವಣಿಯಿಂದ ಜಾರಿ ಕೆಳಗೆ ಬಿತ್ತು. ರಿವರ್ಸ್ ಊರಿನ ಕೊಳೆ ಹಾಸಿಗೆ ಬಟ್ಟೆಗಳನ್ನು ಎಲ್ಲಿಂದ ಎತ್ತುತ್ತಾನೆಂದು ಅವರು ಕೇಳಿಯೇ ಇರಲಿಲ್ಲ!

"ಅದು... ಅಲ್ಲೂ ಸಲಹೆ ಕೇಳಿದ್ರು."

"ಹೆರಿಗೆಗೆ ಏನು ಸಲಹೆ ಕೊಟ್ರಿ? ಕ್ಲಚ್ ಒತ್ತಿ ಅಂದ್ರಾ?"

"ಆಂಬುಲೆನ್ಸ್! ಆಂಬುಲೆನ್ಸಿನ ಡ್ರೈವರಿಗೆ!"

"ಜೈಲು, ನಾಲ್ಕು ಸಲ. ಪ್ರತಿ ಸಲ ಎಂಟು ನಿಮಿಷ."

ಪೋಸ್ಟ್ ಮಾಸ್ತರರು ಪೂರ್ತಿ ಎದ್ದು ನಿಂತರು. "ಎಂಟೇ ನಿಮಿಷಕ್ಕೆ ಹೊರಗೆ ಬಂದ್ರಾ? ನನ್ನ ಷಡ್ಡಕನಿಗೆ ಎರಡು ವರ್ಷ ಹಿಡೀತು!"

"ಲಾಡ್ಜುಗಳು" ಎಂದು ಹೆಂಡತಿ ಹಾಳೆ ತಿರುಗಿಸಿದರು. "ಅರವತ್ತಾರು ಸಲ. ದಿನಕ್ಕೆ ಮೂರು ಲಾಡ್ಜು. ಒಂದೊಂದರಲ್ಲೂ ಆರು ನಿಮಿಷ."

ಕ್ಷೌರಿಕನ ಬಾಯಿಂದ ತಾನಾಗಿ ಒಂದು ಉದ್ದನೆಯ ಸಿಳ್ಳೆ ಹೊರಟಿತು. ಮೇಷ್ಟ್ರನ್ನು ಅವನು ನೋಡಿದ ನೋಟದಲ್ಲಿ ಭಕ್ತಿಯಿತ್ತು. "ಹುಟ್ಟೋ ಜಾಗದಿಂದ ಜೈಲಿನ ತನಕ, ಒಂದೇ ಬೆಳಿಗ್ಗೇಲಿ! ನಮಗೆ ಇಡೀ ಆಯುಷ್ಯ ಬೇಕಲ್ಲ ಮೇಷ್ಟ್ರೇ ಇಷ್ಟಕ್ಕೆ!"

ಮೇಷ್ಟ್ರ ಬೆನ್ನಲ್ಲಿ ಬೆವರು ನಾಲ್ಕನೇ ಗೇರಿನಲ್ಲಿ ಇಳಿಯುತ್ತಿತ್ತು. ಆಗಲೇ ಹೆಂಡತಿಯ ಮೊಬೈಲು ಟಿಣ್ ಎಂದಿತು.

"'ನಿಮ್ಮ ವಾಹನ ಈಗ ಸಮುದ್ರ ತೀರದಲ್ಲಿದೆ. ಮನೆಯಿಂದ ದೂರ, ನೂರ ಎಂಬತ್ತು ಕಿಲೋಮೀಟರ್'" ಎಂದು ಓದಿದರು. ತಲೆ ಎತ್ತಿ ಗಂಡನನ್ನು ನೋಡಿದರು. "ರೀ, ನೀವು ಎಲ್ಲಿದ್ದೀರಿ?"

"ಇಲ್ಲೇ ಇದೀನಲ್ಲೇ, ನಿನ್ನ ಎದುರಿಗೆ!"

"ಸರಿಯಾಗಿ ನೋಡ್ಕೊಂಡು ಹೇಳಿ."

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಕಾರು ಗೇಟಿನ ಬಳಿ ನಿಂತಿತ್ತು. ಬಾನೆಟ್ಟಿನ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು. ಸಮುದ್ರ ಸ್ನಾನ ಮಾಡಿ ಬಂದ ಲಕ್ಷಣ ಎರಡಕ್ಕೂ ಇರಲಿಲ್ಲ.

ಮೇಷ್ಟ್ರಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ನೋಡಿದ್ರಾ? ಪೆಟ್ಟಿಗೆ ಸುಳ್ಳು ಹೇಳುತ್ತೆ! ಎಲ್ಲ ಸುಳ್ಳು! ಲಾಡ್ಜೂ ಸುಳ್ಳು!"

ಹುಲ್ಲುಕಡ್ಡಿಯನ್ನು ಸಮಿತಿ ದೋಣಿ ಮಾಡಿಕೊಂಡುಬಿಟ್ಟಿತು. "ಸಿಕ್ಕಿಬಿತ್ತು ಸರ್ಕಾರ!" ಎಂದು ಬೇಕರಿಯವನು ಕುಣಿದ. "ನಾಳೆ ಬೆಳಿಗ್ಗೆ ತೆರಿಗೆ ಕಚೇರಿಗೆ ನುಗ್ಗೋಣ! ಮೇಷ್ಟ್ರೇ ಮೊದಲ ಸಾಕ್ಷಿ!"

ಪೋಸ್ಟ್ ಮಾಸ್ತರರು ಜೇಬಿನಿಂದ ಪೆನ್ನು, ಚೀಲದಿಂದ ಬಿಳಿಹಾಳೆ ತೆಗೆದರು. ಇಂಥ ಕ್ಷಣಕ್ಕಾಗಿಯೇ ಅವರು ಹನ್ನೊಂದು ವರ್ಷದಿಂದ ಬಿಳಿಹಾಳೆ ಹೊತ್ತು ತಿರುಗುತ್ತಿದ್ದರು. "ಹೇಳಿಕೆ ಬರ್ಕೊಡಿ. ಈ ತಿಂಗಳು ದಿನಾ ಹತ್ತರಿಂದ ಒಂದರ ತನಕ ಎಲ್ಲಿದ್ರಿ, ನಿಜವಾದ ಜಾಗ ಬರೆದು ಸಹಿ ಹಾಕಿ. ಸುಳ್ಳು ಬರೆದ್ರೆ ಮಾತ್ರ ಜೈಲು, ಈ ಸಲ ಎಂಟು ನಿಮಿಷದ್ದಲ್ಲ."

ಮೇಷ್ಟ್ರು ಪೆನ್ನು ಹಿಡಿದರು. "ದಿನಾಲೂ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು" ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಮುಂದೆ ಸುಳ್ಳು ಬರೆದರೆ ಜೈಲು, ನಿಜ ಬರೆದರೆ ಎದುರಿಗೆ ಹೆಂಡತಿ. ನಾಲ್ಕು ವರ್ಷದ ಇಸ್ತ್ರಿ ಅಂಗಿ, ಫೈಲು, ಬೂಟಿನ ಮೇಲಿನ ದೂಳು ಎಲ್ಲ ಕಣ್ಣಮುಂದೆ ಬಂದವು. ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿ ಕ್ಲಚ್ ಮೇಷ್ಟ್ರು ನಡುರಸ್ತೆಯಲ್ಲಿ ಆಫ್ ಆಗಿ ನಿಂತರು.

"ಕೊಡಿ ಇಲ್ಲಿ, ನಾನು ಬರೀತೀನಿ" ಎಂದರು ಹೆಂಡತಿ. ಪೆನ್ನು ತೆಗೆದುಕೊಂಡು, ಬರೆಯುತ್ತಲೇ ಗಟ್ಟಿಯಾಗಿ ಓದಿದರು: "ನಾನು ನೀರಿನ ಟ್ಯಾಂಕಿನ ಕೆಳಗೆ ಕಾರಿನಲ್ಲಿ ಮಲಗಿದ್ದೆ. ಹನ್ನೊಂದೂಕಾಲಿಗೆ ನಾಲ್ಕು ಮೀಟರ್ ಮುಂದೆ ಸರಿದೆ. ಹನ್ನೆರಡಕ್ಕೆ ಇನ್ನೂ ನಾಲ್ಕು. ಎಡಗಡೆ ಮಗ್ಗುಲಾದರೆ ಗೊರಕೆ ಇರುವುದಿಲ್ಲ."

ಪೋಸ್ಟ್ ಮಾಸ್ತರರು ಮೆಲ್ಲಗೆ ಕುರ್ಚಿಗೆ ಮರಳಿದರು.

"ನಿನಗೆ... ನಿನಗೆ ಹೇಗೆ..." ಎಂದರು ಮೇಷ್ಟ್ರು.

"ನಮ್ಮ ಕ್ಲಿನಿಕ್ಕು ಮೂರನೇ ಮಹಡೀಲಿದೆ. ಬಾಗಿಲು ಮಾರ್ಕೆಟ್ ರಸ್ತೆಗೆ, ಹಿಂದಿನ ಕಿಟಕಿ ಟ್ಯಾಂಕಿಗೆ. 'ಹದ್ದಿನ ಕಣ್ಣು ನಂದು, ಕಣ್ಣಿನ ಡಾಕ್ಟರ ಹತ್ರ ನನಗೇನು ಕೆಲಸ' ಅಂತಿದ್ರಿ ನೀವು, ಒಂದು ದಿನ ಮೇಲೆ ಹತ್ತಿ ಬಂದಿದ್ರೆ ತಾನೇ ಗೊತ್ತಾಗೋದು? ಗೋಡೆ ಮೇಲಿನ ಅಕ್ಷರಾನ ಜನ ಬಾಯಿಪಾಠ ಮಾಡ್ಕೊಂಡು ಬರ್ತಾರೆ ಅಂತ ಡಾಕ್ಟರಮ್ಮ ನಾಲ್ಕು ವರ್ಷದಿಂದ ಹೊಸ ಪದ್ಧತಿ ಮಾಡಿದಾರೆ. ಕನ್ನಡಕ ಹಾಕಿ ಕಿಟಕಿ ಹತ್ರ ನಿಲ್ಲಿಸಿ ಕೇಳ್ತಾರೆ, 'ಅಲ್ಲಿ ಕಾರಲ್ಲಿ ಮಲಗಿದಾರಲ್ಲ, ಅವರ ಬಾಯಿ ತೆರೆದಿದೆಯಾ, ಮುಚ್ಚಿದೆಯಾ?' ಈ ಊರಿನ ಅರ್ಧ ಜನದ ಕನ್ನಡಕದ ನಂಬರು ನಿಮ್ಮ ಬಾಯಿ ನೋಡಿಯೇ ನಿಗದಿ ಆಗಿರೋದು."

ಮೇಷ್ಟ್ರು ನಿಧಾನವಾಗಿ ಸಮಿತಿಯ ಕಡೆ ತಿರುಗಿದರು. ಮೂವರ ಮೂಗಿನ ಮೇಲೂ ಕನ್ನಡಕವಿತ್ತು!

"ತೆರೆದಿತ್ತು ಮೇಷ್ಟ್ರೇ" ಎಂದ ಕ್ಷೌರಿಕ, ನೆಲ ನೋಡುತ್ತ. "ಆದ್ರೆ ದಿನಕ್ಕೆ ಮೂರು ಲಾಡ್ಜು ಅಂದಾಗ, ನನ್ನ ಕನ್ನಡಕದ್ದೇ ತಪ್ಪಿರಬೇಕು ಅಂದ್ಕೊಂಡೆ."

"ಅದು ಲಾಂಡ್ರಿ ವ್ಯಾನ್ ಕಣಣ್ಣ" ಎಂದರು ಹೆಂಡತಿ. "ಒಂದು ತಿಂಗಳಿಂದ ಬಂದು ಏನೋ ಇಸ್ಕೊಂಡು ಹೋಗ್ತಿತ್ತು. ಮೊದಮೊದಲು ಕೊಳೆ ಬಟ್ಟೆ ಕೊಡ್ತಿದಾರೆ ಅಂದ್ಕೊಂಡಿದ್ದೆ."

ಆಕಾಶದಲ್ಲಿ ಕೋಟಿ ಕೋಟಿ ಖರ್ಚು ಮಾಡಿ ಹಾರಿಸಿದ ಉಪಗ್ರಹಗಳು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಕಾಣದೆ ಮೋಸಹೋದದ್ದನ್ನು ಮೂರನೇ ಮಹಡಿಯ ಒಂದು ಕಿಟಕಿ ಕಂಡಿತ್ತು! ಅದೂ ಬಾಯಿ ತೆರೆದದ್ದು, ಮುಚ್ಚಿದ್ದು ಸಮೇತ! ಮೇಷ್ಟ್ರು ಹೆಂಡತಿಯನ್ನು ನೋಡಿದ ನೋಟದಲ್ಲಿ ಈ ಬಾರಿ ಹೆದರಿಕೆ ಇರಲಿಲ್ಲ. ಹಿಮಾಲಯದಂಥದ್ದನ್ನು ಮೊದಲ ಬಾರಿ ಕಂಡವರ ಬೆರಗಿತ್ತು.

"ಅಕ್ಕಾ" ಎಂದು ಕ್ಷೌರಿಕ ಮೆಲ್ಲಗೆ ಕೇಳಿದ, "ಆ ಕಿಟಕಿಯಿಂದ ಬೇರೆ ಏನೇನು ಕಾಣುತ್ತೆ?"

"ಕೆರೆ ಕಾಣುತ್ತೆ."

ಸಮಿತಿ ಅಲ್ಲಿಗೆ ಬರಖಾಸ್ತಾಯಿತು. ಚಹಾ ಮುಗಿಸಲೂ ಯಾರೂ ನಿಲ್ಲಲಿಲ್ಲ.

ಖಾಲಿ ಕುರ್ಚಿಗಳ ನಡುವೆ ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಕೇಳಿದರು: "ನಾಲ್ಕು ವರ್ಷ ಗೊತ್ತಿದ್ದೂ ಯಾಕೇ ಹೇಳಲಿಲ್ಲ?"

ಹೆಂಡತಿ ಕಪ್ಪುಗಳನ್ನು ಜೋಡಿಸುತ್ತ ಹೇಳಿದರು: "ಇಸ್ತ್ರಿ ಅಂಗಿ ಹಾಕ್ಕೊಂಡು ಹೊರಡ್ತಿದ್ರಲ್ಲ, ನೋಡೋಕೆ ಚೆನ್ನಾಗಿತ್ತು. ಕೆಲಸದ ಮಧ್ಯೆ ಒಂದ್ಸಲ ಕಿಟಕೀಲಿ ಇಣುಕಿದ್ರೆ ಇದ್ದೀರಿ ಅಂತ ಗೊತ್ತಾಗ್ತಿತ್ತು. ಅಷ್ಟು ಸಾಕಿತ್ತು ನಂಗೆ." ಆಮೇಲೆ ಸೇರಿಸಿದರು: "ಆ ಪೆಟ್ಟಿಗೆಗಾದ್ರೂ ಸಮುದ್ರ ನೋಡೋ ಯೋಗ ಇತ್ತು."

ಮೇಷ್ಟ್ರು ಎದ್ದು ನಿಂತರು. ಎದೆ ಮತ್ತೆ ಉಬ್ಬಿತು. "ಬರೋ ಭಾನುವಾರ ಹೊರಡು! ನೂರ ಎಂಬತ್ತು ಕಿಲೋಮೀಟರ್! ಎಷ್ಟಾದ್ರೂ ತೆರಿಗೆ ಆಗಲಿ!"

ಸಮುದ್ರ ತೀರದ ಹೋಟೆಲಿನ ಬಟ್ಟೆ ಇಳಿಸಿ ಮರುದಿನ ಬಂದ ರಿವರ್ಸ್ ಪೆಟ್ಟಿಗೆಯನ್ನು ತಂದೊಪ್ಪಿಸಿದ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀಲಿ ತಿರುಗಿಸಿದರು.

"ಪ್ರಯಾಣ ಆರಂಭ" ಎಂದಿತು ಪೆಟ್ಟಿಗೆ.

"ಹೌದಮ್ಮ, ಇವತ್ತು ನಿಜವಾಗಿ ಆರಂಭ!" ಎಂದರು ಮೇಷ್ಟ್ರು. ಕಾರು ಗೇಟು ದಾಟಿತು, ಎರಡು ತಿರುವು ತಿರುಗಿತು. ನೀರಿನ ಟ್ಯಾಂಕು ಬಂತು. ನೆರಳು ತಣ್ಣಗೆ ಹಾಸಿಕೊಂಡು ಕಾದಿತ್ತು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ಮೇಷ್ಟ್ರು ಅಲ್ಲಿ ಬ್ರೇಕ್ ಒತ್ತಲಿಲ್ಲ. ಮೂರನೇ ಮಹಡಿಯ ಮುಚ್ಚಿದ ಕಿಟಕಿಗೊಂದು ಹಾರ್ನ್ ಹೊಡೆದು, ಮೂರನೇ ಗೇರಿಗೆ ಹಾಕಿ, ಕತ್ತೆತ್ತಿ ಮುಂದೆ ನಡೆಸಿದರು.

"ನೋಡಿದ್ಯೇನೇ? ಮೂವತ್ತೆಂಟು ವರ್ಷದ ಕೈ! ಎಲ್ಲಿಗೆ ಹೋಗಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ."

ಒಂದು ತಿಂಗಳಲ್ಲಿ ಅವರ ಅಭ್ಯಾಸವನ್ನೆಲ್ಲ ಕಲಿತುಕೊಂಡಿದ್ದ ಪೆಟ್ಟಿಗೆ, ಜೇನಿನಲ್ಲಿ ಅದ್ದಿದ ದನಿಯಲ್ಲಿ ಹೇಳಿತು:

"ನೀರಿನ ಟ್ಯಾಂಕು ಹಿಂದೆ ಉಳಿಯಿತು. ನೀವು ದಾರಿ ತಪ್ಪಿದ್ದೀರಿ. ದಯವಿಟ್ಟು ಹಿಂದಕ್ಕೆ ತಿರುಗಿ."